ಸಂಖ್ಯಾ ಸಿದ್ಧಾಂತದ ಲೆಕ್ಕ ಕೇಳಿದರೆ ಯಾರೂ ಯಾಕೆ ಉತ್ತರಿಸಲ್ಲ?

ನಿಮ್ಮ ಬೇಸರ ಅರ್ಥವಾಗುತ್ತದೆ. ಸಂಖ್ಯಾ ಸಿದ್ಧಾಂತದ, ಅಂದರೆ ಪೂರ್ಣ ಸಂಖ್ಯೆಗಳ ಗುಣಗಳ ಲೆಕ್ಕ ಕೇಳಿದಿರಿ, ಬಿಟ್ಟಿಯಾಗಿ ಹೇಳಿಕೊಡುವ ತಜ್ಞರೆಲ್ಲ ಸುಮ್ಮನಾದರು, ಹೇಗೆ ಕೇಳಬೇಕಿತ್ತು ಅಂತ ನಿಮ್ಮ ಪ್ರಶ್ನೆ. ಬಿಡುವಿದ್ದಾಗ ಇಂಥ ಲೆಕ್ಕಗಳಿಗೆ ಉತ್ತರ ಬರೆಯುವವರಲ್ಲಿ ನಾನೂ ಒಬ್ಬ.

ನೀವು ಕೇಳಿದ್ದು ಇದು: ‘ಪಿ 3ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಯಾದರೆ, ಪಿ² − 1 ಯಾವಾಗಲೂ 24ರಿಂದ ಭಾಗವಾಗುತ್ತದೆ ಎಂದು ಸಾಧಿಸಿ.’ ಇದು ಪ್ರಶ್ನೆಪತ್ರಿಕೆಯ ಸಾಲು, ನಿಮ್ಮ ಪ್ರಶ್ನೆ ಅಲ್ಲ. ನಿಮಗೆ ಎಷ್ಟು ಗೊತ್ತು, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಒಂದೂ ಇದರಲ್ಲಿ ಇಲ್ಲ. ಯಾರದೋ ಹೋಂವರ್ಕ್ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ. ನಾನಾದರೂ ಅಷ್ಟೇ.

ಅದನ್ನೇ ಹೀಗೆ ಬರೆದು ನೋಡಿ. ‘5, 7, 11, 13 ಹಾಕಿದೆ. 24, 48, 120, 168 ಬಂತು, ಎಲ್ಲವೂ ಸರಿ. ಪಿ² − 1 ಅಂದರೆ ಪಿ − 1 ಮತ್ತು ಪಿ + 1ರ ಗುಣಲಬ್ಧ. ಎರಡೂ ಒಂದರ ಹಿಂದೊಂದು ಬರುವ ಸಮ ಸಂಖ್ಯೆಗಳು, ಅದರಲ್ಲಿ ಒಂದು 4ರಿಂದ ಭಾಗವಾಗುತ್ತದೆ. ಹಾಗಾಗಿ 8 ಸಿಕ್ಕಿತು. ಉಳಿದ 3 ಎಲ್ಲಿಂದ ಬರುತ್ತದೆ?’

ಇದಕ್ಕೆ ಉತ್ತರ ಎರಡು ಸಾಲು. ಪಿ − 1, ಪಿ, ಪಿ + 1 ಸಾಲಾಗಿ ಬರುವ ಮೂರು ಸಂಖ್ಯೆಗಳು, ಒಂದಾದರೂ 3ರಿಂದ ಭಾಗವಾಗಲೇಬೇಕು. ಅದು ಪಿ ಅಲ್ಲ ಅಂದಮೇಲೆ ಅಕ್ಕಪಕ್ಕದ ಎರಡರಲ್ಲಿ ಒಂದು.

ಮಜಾ ಇರುವುದು ಇದರ ಮುಂದೆ. ನಿಮ್ಮ ಹೆಜ್ಜೆಗಳು ಕಣ್ಣ ಮುಂದೆ ಇದ್ದರೆ ತಜ್ಞರು ಇನ್ನೊಂದು ಮಾತು ಸೇರಿಸುತ್ತಾರೆ: ಪಿ ಅವಿಭಾಜ್ಯ ಅನ್ನುವುದನ್ನು ನಾವು ಪೂರ್ತಿ ಬಳಸಲೇ ಇಲ್ಲವಲ್ಲ! ಪಿ ಬೆಸ ಆಗಿರಬೇಕು, 3ರಿಂದ ಭಾಗವಾಗಬಾರದು, ಅಷ್ಟೇ ಸಾಕು. 25 ಹಾಕಿ ನೋಡಿ: 624 ಬರುತ್ತದೆ, ಅಂದರೆ 24 × 26. ಬರೀ ಪ್ರಶ್ನೆಪತ್ರಿಕೆಯ ಸಾಲು ಹಾಕಿದವರಿಗೆ ಈ ಮಾತು ಸಿಗುವುದು ಕಷ್ಟ.

ಚಿಕ್ಕ ಸಂಖ್ಯೆ ಹಾಕಿ ನೋಡುವುದು ಒಳ್ಳೆಯದು, ಆದರೆ ‘ಇಷ್ಟು ಸಲ ಸರಿ ಬಂತು, ಸಾಧನೆ ಮುಗೀತು’ ಅನ್ನಬೇಡಿ. ಗಣಿತಜ್ಞ ಆಯ್ಲರ್ ಹೆಸರಿನಲ್ಲಿ ಪ್ರಸಿದ್ಧವಾದ ಎನ್² + ಎನ್ + 41 ಗೊತ್ತಲ್ವಾ? ಎನ್ 0ಯಿಂದ 39ರವರೆಗೆ ಬರುವುದೆಲ್ಲ ಅವಿಭಾಜ್ಯ ಸಂಖ್ಯೆಗಳೇ. 40 ಹಾಕಿದರೆ 1681, ಅದು 41 × 41.

ಇನ್ನೊಂದು ಜಾತಿಯ ಪ್ರಶ್ನೆ ಇದೆ: ‘ಗೋಲ್ಡ್‌ಬಾಕ್ ಊಹೆಯನ್ನು ಸಾಧಿಸಿದ್ದೇನೆ, ತಪ್ಪಿದ್ದರೆ ಹೇಳಿ.’ 2ಕ್ಕಿಂತ ದೊಡ್ಡ ಪ್ರತಿ ಸಮ ಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಅನ್ನುವ ಊಹೆ ಅದು, 1742ರಿಂದ ಬಿಡಿಸಲಾಗದ ಗಂಟು. ಹತ್ತಾರು ಪುಟ ಓದಿ ತಪ್ಪು ಹುಡುಕಲು ಯಾರಿಗೂ ಪುರುಸೊತ್ತಿಲ್ಲ. ನಿಮಗೇ ಜಾಸ್ತಿ ಅನುಮಾನವಿರುವ ಒಂದು ಹೆಜ್ಜೆಯನ್ನು ಮಾತ್ರ ಬೇರೆ ತೆಗೆದು ಕೇಳಿ, ನೋಡುವವರು ಸಿಗಬಹುದು.

ನಡೆಯುತ್ತಿರುವ ಸ್ಪರ್ಧೆಯ ಲೆಕ್ಕವಾದರೆ ಮುಗಿಯುವವರೆಗೆ ಕೇಳಬೇಡಿ. ಯಾರಾದರೂ ಸುಳಿವು ಮಾತ್ರ ಕೊಟ್ಟರೆ ಪೂರ್ತಿ ಬಿಡಿಸಿಕೊಡಿ ಅಂತ ಹಟ ಹಿಡಿಯಬೇಡಿ. ಆ ಸುಳಿವಿನಿಂದ ಎಲ್ಲಿಯವರೆಗೆ ಹೋದಿರಿ ಅಂತ ಬರೆಯಿರಿ, ಅವರೇ ಮತ್ತೆ ಬರುತ್ತಾರೆ.