ನಿಮ್ಮ ಕಿಡ್ನಿ ಕ್ಯಾನ್ಸರ್ ಲೇಖನದ ಬಗ್ಗೆ, ನೇರವಾಗಿ

ನಮಸ್ಕಾರ. ಕಿಣ್ವಗಳ ಜೀನ್ ಕೆಟ್ಟರೆ ಕಿಡ್ನಿ ಕ್ಯಾನ್ಸರ್ ಹೇಗೆ ಬರುತ್ತದೆ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ.

ಮೊದಲು ಕೊನೆಯ ಪ್ಯಾರಾ ತೆಗೆಯಿರಿ. ‘ಸಕ್ಕರೆ ಬಿಟ್ಟರೆ ಈ ಕ್ಯಾನ್ಸರ್ ತಡೆಯಬಹುದು’ ಎಂದಿದ್ದೀರಿ. ಈ ಗಡ್ಡೆಯ ಜೀವಕೋಶಗಳು ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತವೆ, ನಿಜ. ಹಾಗಂತ ಹುಟ್ಟಿನಿಂದ ಬಂದ ಜೀನ್ ದೋಷ ಸಕ್ಕರೆ ಬಿಟ್ಟರೆ ಸರಿಹೋಗುವುದಿಲ್ಲ. ನಿಮ್ಮ ಮಾತು ನಂಬಿ ಯಾರಾದರೂ ಸ್ಕ್ಯಾನ್ ಮುಂದೂಡಿದರೆ ಏನು ಗತಿ?

ಇನ್ನು ಈ ಸಾಲು ನೋಡಿ: ‘ಎಫ್‌ಎಚ್ ರೂಪಾಂತರವು ಚಯಾಪಚಯ ಅಸಮತೋಲನದ ಮೂಲಕ ಅರ್ಬುದಕ್ಕೆ ಕಾರಣವಾಗುತ್ತದೆ.’ ಓದಿದವರಿಗೆ ಏನು ತಿಳಿಯಿತು? ನಡುವೆ ನಡೆದದ್ದನ್ನೇ ನುಂಗಿಬಿಟ್ಟಿದ್ದೀರಿ, ಅಲ್ವಾ? ಎಫ್‌ಎಚ್ ಅಂದರೆ ಫ್ಯೂಮರೇಟ್ ಹೈಡ್ರಟೇಸ್ ಎಂಬ ಕಿಣ್ವದ ಜೀನ್. ಜೀವಕೋಶ ಶಕ್ತಿ ಪಡೆಯುವ ಕ್ರೆಬ್ಸ್ ಚಕ್ರದಲ್ಲಿ ಫ್ಯೂಮರೇಟ್ ಎಂಬ ರಾಸಾಯನಿಕವನ್ನು ಮ್ಯಾಲೇಟ್ ಮಾಡುವುದು ಈ ಕಿಣ್ವದ ಕೆಲಸ. ಜೀನಿನ ಎರಡೂ ಪ್ರತಿ ಕೈಕೊಟ್ಟ ಜೀವಕೋಶದಲ್ಲಿ ಫ್ಯೂಮರೇಟ್ ರಾಶಿ ಬೀಳುತ್ತದೆ. ಆಕ್ಸಿಜನ್ ಇದ್ದಾಗ ಎಚ್‌ಐಎಫ್ ಎಂಬ ಪ್ರೋಟೀನನ್ನು ಗುರುತು ಹಾಕಿ ನಾಶಕ್ಕೆ ಕಳಿಸುವ ಬೇರೆ ಕಿಣ್ವಗಳಿವೆ, ಈ ರಾಶಿ ಅವುಗಳ ಕೈ ಕಟ್ಟಿಹಾಕುತ್ತದೆ. ಎಚ್‌ಐಎಫ್ ಉಳಿದುಬಿಡುತ್ತದೆ. ಆಕ್ಸಿಜನ್ ಸಾಕಷ್ಟಿದ್ದರೂ ಜೀವಕೋಶ ಉಸಿರುಕಟ್ಟಿದಂತೆ ನಡೆದುಕೊಂಡು ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಇದೊಂದೇ ದಾರಿಯಲ್ಲ, ಫ್ಯೂಮರೇಟ್ ಬೇರೆ ಪ್ರೋಟೀನುಗಳಿಗೂ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ, ಅದಕ್ಕೂ ಒಂದು ಸಾಲು ಇರಲಿ. ಇದೇ ಚಕ್ರದ ಇನ್ನೊಂದು ಕಿಣ್ವ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಕೆಟ್ಟಾಗಲೂ ಹೆಚ್ಚುಕಡಿಮೆ ಇದೇ ಕಥೆ, ಅಲ್ಲಿ ರಾಶಿ ಬೀಳುವುದು ಸಕ್ಸಿನೇಟ್.

ಕೆಟ್ಟರೆ ಕಿಡ್ನಿ ಕ್ಯಾನ್ಸರ್ ತರಬಲ್ಲ ಇನ್ನೊಂದು ಜೀನ್ ವಿಎಚ್‌ಎಲ್, ಅದನ್ನೂ ಇದೇ ಗುಂಪಿಗೆ ಸೇರಿಸಿದ್ದೀರಿ. ಅದು ಕ್ರೆಬ್ಸ್ ಚಕ್ರದ ಕಿಣ್ವದ ಜೀನ್ ಅಲ್ಲ. ಗುರುತು ಬಿದ್ದ ಎಚ್‌ಐಎಫನ್ನು ಹಿಡಿದು ನಾಶಕ್ಕೆ ಒಪ್ಪಿಸುವ ಪ್ರೋಟೀನಿನದು. ವಿಎಚ್‌ಎಲ್ ಸಿಕ್ಕಿದ್ದು 1993ರಲ್ಲಿ, ಎಫ್‌ಎಚ್ ಜೀನಿಗೂ ಈ ಕಾಯಿಲೆಗೂ ಇರುವ ನಂಟು ತಿಳಿದದ್ದು 2002ರಲ್ಲಿ. ಎರಡು ಬೇರೆ ದೋಷಗಳು ಒಂದೇ ಎಚ್‌ಐಎಫ್ ಹತ್ತಿರ ಬಂದು ಸೇರುತ್ತವೆ ಅನ್ನುವುದೇ ಲೇಖನದ ಜೀವ, ಅದನ್ನು ಬಿಟ್ಟು, ಕ್ಯಾನ್ಸರ್ ಜೀವಕೋಶಗಳು ಗ್ಲೂಕೋಸನ್ನು ಜಾಸ್ತಿ ಬಳಸುವುದನ್ನು ಗಮನಿಸಿದ ವಿಜ್ಞಾನಿ ವಾರ್ಬರ್ಗ್ ಬಗ್ಗೆ ಒಂದು ಪುಟ ಬರೆದಿದ್ದೀರಿ. ಎರಡು ಸಾಲು ಸಾಕು.

ನನಗೆ ಜಾಸ್ತಿ ಬೇಸರ ತಂದದ್ದು ರೋಗಿಯೇ ಇಲ್ಲದಿರುವುದು. ಅಪ್ಪನಿಂದಲೋ ಅಮ್ಮನಿಂದಲೋ ಎಫ್‌ಎಚ್ ಜೀನಿನ ಕೆಟ್ಟ ಪ್ರತಿ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಹಾಗೆ ಪಡೆದ ಹೆಣ್ಣುಮಗಳಿಗೆ ತೋಳು, ಬೆನ್ನಿನ ಮೇಲೆ ಸಣ್ಣ ಗಂಟುಗಳು ಏಳಬಹುದು, ಚಳಿಗೆ ನೋಯಬಹುದು, ಚಿಕ್ಕ ವಯಸ್ಸಿಗೇ ಗರ್ಭಕೋಶದಲ್ಲಿ ಫೈಬ್ರಾಯ್ಡ್‌ಗಳಾಗಬಹುದು. ಗಂಟನ್ನು ಚರ್ಮದ ಡಾಕ್ಟರಿಗೆ, ಫೈಬ್ರಾಯ್ಡನ್ನು ಹೆರಿಗೆ ಡಾಕ್ಟರಿಗೆ ತೋರಿಸುತ್ತಾಳೆ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕ್ಯಾನ್ಸರ್ ಆಗಿತ್ತಾ ಎಂದು ಯಾರೂ ಕೇಳದೆ ಹೋದರೆ ಎರಡನ್ನೂ ಜೋಡಿಸುವವರೇ ಇಲ್ಲ. ದೋಷ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಇದನ್ನೂ ಸ್ಪಷ್ಟವಾಗಿ ಬರೆಯಿರಿ, ಸುಮ್ನೆ ಹೆದರಿಸಬಾರದು. ಬಂದರೆ ಮಾತ್ರ ಕಾಯುವಂತಿಲ್ಲ. ವಿಎಚ್‌ಎಲ್ ಗಡ್ಡೆಯನ್ನು ಸಾಮಾನ್ಯವಾಗಿ 3 ಸೆಂಟಿಮೀಟರ್ ಆಗುವವರೆಗೆ ನಿಗಾ ಇಟ್ಟು ನೋಡುತ್ತಾರೆ. ಎಫ್‌ಎಚ್ ಗಡ್ಡೆ ಚಿಕ್ಕದಿದ್ದಾಗಲೇ ಹರಡಬಲ್ಲದು, ಅದಕ್ಕೇ ಕಂಡ ಕೂಡಲೇ ತೆಗೆಯುತ್ತಾರೆ, ಅದಕ್ಕೇ ಈ ಕುಟುಂಬದವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಲು ಹೇಳುತ್ತಾರೆ.

ಲೇಖನ ಆ ಹೆಣ್ಣುಮಗಳಿಂದ ಶುರುವಾಗಲಿ, ಕಿಣ್ವ ಆಮೇಲೆ ಬರಲಿ. ತಿದ್ದಿದ ಮೇಲೆ ಒಬ್ಬ ಕ್ಯಾನ್ಸರ್ ವೈದ್ಯರಿಗೆ ತೋರಿಸಿ ನನಗೆ ಕಳಿಸಿ.