ಚೀನಾದಲ್ಲಿ ಬೀದಿ ತಿಂಡಿಗೆ ನಾನು ಹೇಳೋ ಊರು: ಕ್ವಾಂಝೌ

ಬೀಜಿಂಗ್, ಶಾಂಘೈ ಬಿಟ್ಟು ಹೆಚ್ಚು ಹೆಸರು ಕೇಳದ ಚೀನೀ ಊರೊಂದರಲ್ಲಿ ಬೀದಿ ತಿಂಡಿ ತಿಂದುಕೊಂಡು ನಾಲ್ಕು ದಿನ ಇರಬೇಕು, ಜೊತೆಗೆ ಬರೋ ಹೆಂಡತಿ ಸಸ್ಯಾಹಾರಿ, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ.

ಕ್ವಾಂಝೌಗೆ ಹೋಗಿ. ಗುವಾಂಗ್‌ಝೌ ಅಲ್ಲ, ಟಿಕೆಟ್ ಮಾಡುವಾಗ ಎರಡೆರಡು ಸಲ ನೋಡಿಕೊಳ್ಳಿ. ಫುಜಿಯಾನ್ ಪ್ರಾಂತ್ಯದ ಕರಾವಳಿ ಊರು, ಶಿಯಾಮೆನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ನಾನು ಗ್ರಾನೈಟ್ ವ್ಯಾಪಾರದವನು. ನಮ್ಮ ಕಡೆಯಿಂದ ಬ್ಲಾಕ್ ಆಗಿ ಹಡಗು ಹತ್ತೋ ಕಲ್ಲು ಸ್ಲ್ಯಾಬ್ ಆಗೋ ಜಾಗಗಳಲ್ಲಿ ದೊಡ್ಡದು ಈ ಕ್ವಾಂಝೌ ವ್ಯಾಪ್ತಿಯ ಶ್ವೇಟೌ. ಹಾಗಾಗಿ ಆ ಊರಿನ ಪರಿಚಯ. 2020ರ ಜನಗಣತಿಯಲ್ಲಿ ಸುತ್ತಲಿನ ತಾಲ್ಲೂಕುಗಳೂ ಸೇರಿ ಅಲ್ಲಿ ಸುಮಾರು 88 ಲಕ್ಷ ಜನ. ಆದರೂ ನಮ್ಮಲ್ಲಿ ಯಾರನ್ನೇ ಕೇಳಿ, ಹೆಸರು ಗೊತ್ತಿರಲ್ಲ.

ಎಲ್ಲರೂ ವೆಸ್ಟ್ ಸ್ಟ್ರೀಟಿಗೆ ಹೋಗಿ ಅಂತಾರೆ. ಹೋಗಿ, ಆದರೆ ಸಂಜೆ ಹೋಗಬೇಡಿ. ಸಂಜೆ ಅದು ಫೋಟೋ ತೆಗೆಸಿಕೊಳ್ಳೋರ ಸಂತೆ. ಊರಂಚಿನ ಶುನ್‌ಪು ಎಂಬ ಮೀನುಗಾರರ ಹಳ್ಳಿಯ ಹೆಂಗಸರು ತುರುಬಿನ ಸುತ್ತ ಸುತ್ತು ಸುತ್ತಾಗಿ ಹೂ ಮುಡಿಯೋ ಪದ್ಧತಿ ಈಗ ಫ್ಯಾಷನ್ ಆಗಿದೆ. ಬಾಡಿಗೆ ಬಟ್ಟೆ, ಪ್ಲಾಸ್ಟಿಕ್ ಹೂವಿನ ಅಂಗಡಿ ಸಾಲು ಸಾಲು. ನಿಜವಾದ ಹೂ ನೋಡಬೇಕಾದರೆ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಸಿಂಪಿ ಸುಲಿಯುತ್ತಾ ಕೂತ ಅಜ್ಜಿಯರ ತಲೆ ನೋಡಿ.

ಊರಿನ ಊಟ ಶುರುವಾಗೋದು ಬೆಳಗಿನ 'ಮಿಯೆನ್‌ಶಿಯೆನ್ ಹೂ' ಎಂಬ ಗಂಜಿಯಿಂದ. ಶ್ಯಾವಿಗೆಗಿಂತ ನವುರಾದ ಗೋಧಿ ಎಳೆಗಳನ್ನು ಪುಡಿ ಮಾಡಿ, ಮೂಳೆ ಮತ್ತು ಸಿಗಡಿಯ ಸಾರಿನಲ್ಲಿ ಕರಗೋ ತನಕ ಬೇಯಿಸಿರ್ತಾರೆ. ದೊಡ್ಡ ಪಾತ್ರೆಯ ಮುಂದೆ ಚಿಕ್ಕ ಚಿಕ್ಕ ತಟ್ಟೆಗಳು: ಹುಳಿಯಲ್ಲಿ ನೆನೆಸಿ ಕರಿದ ಹಂದಿ ಮಾಂಸ, ಕರುಳು, ಸಿಂಪಿ, ಬಾತುಕೋಳಿ ರಕ್ತದ ಗಟ್ಟಿ, ಮೊಟ್ಟೆ. ಬೆರಳು ತೋರಿಸಿದ್ದನ್ನು ಕತ್ತರಿಯಲ್ಲಿ ಚಕಚಕ ಕತ್ತರಿಸಿ ಬಟ್ಟಲಿಗೆ ಹಾಕಿ, ಮೇಲೆ ಬಿಳಿ ಮೆಣಸಿನ ಪುಡಿ, ಹುರಿದ ಈರುಳ್ಳಿ ಉದುರಿಸಿ ಕೊಡ್ತಾರೆ. ತೋರಿಸಿದಷ್ಟಕ್ಕೆ ದುಡ್ಡು. ಜೊತೆಗೆ ಕರಿದ ಹಿಟ್ಟಿನ ಉದ್ದ ಕೋಲು, ಅದನ್ನ ಮುರಿದು ಮುಳುಗಿಸಿ ತಿನ್ನಬೇಕು. ನಿಂತುಕೊಂಡು ಮಾತಾಡೋ ಪುರುಸೊತ್ತು ಯಾರಿಗೂ ಇಲ್ಲ. ಸ್ಕೂಲ್ ಬ್ಯಾಗಿನ ಮಗುವನ್ನು ಎಲೆಕ್ಟ್ರಿಕ್ ಸ್ಕೂಟರ್ ಮೇಲೇ ಕೂರಿಸಿ ತಿನ್ನಿಸಿ ಹೊರಟುಬಿಡ್ತಾರೆ.

ತೂ ಸುನ್ ತೋಂಗ್ ಅಂತ ಇನ್ನೊಂದಿದೆ, ಕೆಸರಿನ ಹುಳು ಬೇಯಿಸಿ ಆರಿಸಿದಾಗ ತಾನಾಗೇ ಕಟ್ಟೋ ಜೆಲ್ಲಿ, ವಿನೆಗರ್, ಬೆಳ್ಳುಳ್ಳಿ ಹಚ್ಚಿ ತಿನ್ನೋದು. ನನಗೆ ಇಷ್ಟ. ನಿಮ್ಮವರಿಗೆ ಮೊದಲೇ ಹೇಳಬೇಡಿ, ದೂರದಿಂದಲೂ ತೋರಿಸಬೇಡಿ.

ಈಗ ಅವರ ಊಟದ ವಿಚಾರ. ಬೀದಿಯಲ್ಲಿ ಬರೀ ತರಕಾರಿ ಅಂತ ಕಂಡದ್ದರಲ್ಲೂ ಸಾರು ಮೂಳೆಯದೇ, ಅದನ್ನ ನಂಬಬೇಡಿ. ಸಿಹಿ ಕಡೆ ಹೋಗಿ. ಪಾಚಿಯಿಂದ ಮಾಡಿದ ಜೆಲ್ಲಿಯನ್ನು ತುರಿದು ಜೇನುನೀರಿಗೆ ಹಾಕೋ ಶಿಹ್ವಾಗಾವ್. ಹೆಸರುಕಾಳು, ಸಾಬೂದಾನಿ, ಕಮಲದ ಬೀಜ ಎಲ್ಲಾ ಸೇರಿದ ತಣ್ಣನೆಯ ಸಿಗುವೋ ತಾಂಗ್. ಅಕ್ಕಿ ರುಬ್ಬಿ ಹುದುಗಿಸಿ ಪುಟ್ಟ ಬಟ್ಟಲಲ್ಲಿ ಆವಿಗೆ ಬೇಯಿಸಿದ ಸಿಹಿ ವಾನ್‌ಗಾವ್, ಇದನ್ನ ನೋಡಿದರೆ ನಿಮಗೇ ನಗು ಬರುತ್ತೆ. ಊಟಕ್ಕೆ ಕೈಯುವಾನ್ ದೇವಸ್ಥಾನದ ಆಸುಪಾಸಿನ ಬೌದ್ಧರ ಸಸ್ಯಾಹಾರಿ ಹೋಟೆಲ್ಲುಗಳು, ಬೆಳ್ಳುಳ್ಳಿ ಕೂಡ ಹಾಕಲ್ಲ. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೇ ದಿನ ಸಸ್ಯಾಹಾರ ಮಾಡೋ ಹಿರಿಯರು ಬಹಳ, ಆವತ್ತು ಬೇಗ ಹೋಗಿ. "ನಾನು ಸಸ್ಯಾಹಾರಿ, ಮಾಂಸದ ಸಾರೂ ಬೇಡ" ಅಂತ ಚೀನೀ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಆ ದೇವಸ್ಥಾನವನ್ನೂ ಬಿಡಬೇಡಿ. 686ರಲ್ಲಿ ಸ್ಥಾಪನೆಯಾದದ್ದು. ಮುಖ್ಯ ಗುಡಿಯ ಹಿಂದಿನ ಜಗಲಿಯಲ್ಲಿ ಎರಡು ಕಲ್ಲಿನ ಕಂಬಗಳಿವೆ, ಅದರ ಮೇಲೆ ಹಿರಣ್ಯಕಶಿಪುವಿನ ಹೊಟ್ಟೆ ಸೀಳುವ ನರಸಿಂಹ, ಮರಗಳ ನಡುವೆ ಕೃಷ್ಣ! ಯುವಾನ್ ರಾಜವಂಶದ ಕಾಲದಲ್ಲಿ (13-14ನೇ ಶತಮಾನ) ಈ ಊರಲ್ಲಿದ್ದ ದಕ್ಷಿಣ ಭಾರತದ ವರ್ತಕರ ಗುಡಿಯ ಕಲ್ಲುಗಳು, ಆಮೇಲೆ ಇಲ್ಲಿಗೆ ಬಂದವು. ಊರಲ್ಲಿ 1281ರ ತಮಿಳು ಶಾಸನವೂ ಸಿಕ್ಕಿದೆ. ಹೊನ್ನಾವರ, ಮಂಗಳೂರು ನೋಡಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಚೀನಾಕ್ಕೆ ಬಂದಿಳಿದದ್ದೂ ಇದೇ ಬಂದರಿಗೆ, ಆಗ ಇದರ ಹೆಸರು ಜೈತೂನ್. ಗೈಡುಗಳು ಮುಂಬಾಗಿಲಲ್ಲೇ ಗಂಟೆ ಕಳೆದುಬಿಡ್ತಾರೆ, ನೀವು ನೇರ ಹಿಂದಕ್ಕೆ ನಡೆಯಿರಿ.

ಮಧ್ಯಾಹ್ನ ತೂಮೆನ್ ಬೀದಿಯಲ್ಲಿ, ದೇವರಾಗಿ ಪೂಜೆಗೊಳ್ಳೋ ಯೋಧ ಗುವಾನ್ ಯೂನ ಗುಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಪಕ್ಕದಲ್ಲೇ 1009ರ ಕಲ್ಲಿನ ಮಸೀದಿ. ಪರೀಕ್ಷೆ, ಮದುವೆ, ಅಂಗಡಿ ಬಾಡಿಗೆ, ಏನೇ ಇರಲಿ, ಗುಡಿಗೆ ಬಂದ ಜನ ಅರ್ಧಚಂದ್ರಾಕಾರದ ಎರಡು ತುಂಡುಗಳನ್ನು ನೆಲಕ್ಕೆ ಹಾಕಿ ದೇವರನ್ನು ಕೇಳ್ತಾರೆ. ಒಂದು ಬೋರಲು, ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಬೇಕಾದ ಉತ್ತರ ಬರೋ ತನಕ ಮತ್ತೆ ಮತ್ತೆ ಹಾಕೋರೂ ಇದ್ದಾರೆ.

ಯಾವ ಅಂಗಡಿಗೆ ಹೋದರೂ ಒಳಗೆ ಚಹಾದ ಮೇಜಿರುತ್ತೆ. ಹತ್ತಿರದ ಆನ್‌ಶಿಯ ತಿಯೆಗುವಾನ್‌ಯಿನ್ ಚಹಾ, ಎರಡೇ ಗುಟುಕು ಹಿಡಿಯೋ ಕಪ್. ಕಲ್ಲಿನ ರೇಟು ಮಾತಾಡೋಕೆ ಮುಂಚೆ ನನಗೆ ಅದೆಷ್ಟು ಕಪ್ ಕುಡಿಸಿದ್ದಾರೋ. ಖಾಲಿಯಾದ ಕಪ್ಪನ್ನು ತುಂಬಿಸ್ತಾನೇ ಇರ್ತಾರೆ, ಹಾಕಿದಾಗ ಎರಡು ಬೆರಳಲ್ಲಿ ಮೇಜು ತಟ್ಟಿದರೆ ಥ್ಯಾಂಕ್ಸ್ ಹೇಳಿದ ಹಾಗೆ. ಸಾಕಾದರೆ ತುಂಬಿದ ಕಪ್ಪನ್ನು ಹಾಗೇ ಬಿಟ್ಟುಬಿಡಿ.

ಹೊರಡೋ ಮೊದಲೇ ಅಲಿಪೇಗೆ (ಫೋನಿನಲ್ಲಿ ದುಡ್ಡು ಕೊಡೋ ಚೀನೀ ಆ್ಯಪ್) ನಿಮ್ಮ ಇಂಟರ್‌ನ್ಯಾಷನಲ್ ಕಾರ್ಡ್ ಜೋಡಿಸಿಕೊಳ್ಳಿ, ಗಾಡಿಯವರ ಹತ್ತಿರ ನೋಟಿಗೆ ಚಿಲ್ಲರೆ ಸಿಗೋದು ಕಷ್ಟ. ನವೆಂಬರ್ ಹವಾಮಾನ ಒಳ್ಳೇದು. ಅಕ್ಟೋಬರ್ ಮೊದಲ ವಾರ ಮಾತ್ರ ಬೇಡವೇ ಬೇಡ, ಇಡೀ ಚೀನಾಕ್ಕೆ ರಜೆ, ರೂಮು ಸಿಗಲ್ಲ.