ನಡುವೆ ತಾಮ್ರ ಉಳಿಯಿತು, ಅಂಚಿನ ಟ್ರ್ಯಾಕ್ ಹೋಯಿತು

ಪ್ರಶ್ನೆ: ಅರ್ಧ ಲೀಟರ್ ಬೋರ್ ನೀರಿಗೆ 30 ಗ್ರಾಂ ಹಳದಿ ಫೆರಿಕ್ ಕ್ಲೋರೈಡ್ ಹಾಕಿ, ಬೇಡದ ತಾಮ್ರ ಕರಗಿಸಿ ಟ್ರ್ಯಾಕ್, ಅಂದರೆ ವಿದ್ಯುತ್ ಹರಿಯುವ ಗೆರೆಗಳನ್ನಷ್ಟೇ ಉಳಿಸಲೆಂದು 10×15 ಸೆಂ.ಮೀ. ಪಿಸಿಬಿಯನ್ನು (ಎಲೆಕ್ಟ್ರಾನಿಕ್ ಸರ್ಕ್ಯೂಟಿನ ಬೋರ್ಡ್) ತಾಮ್ರ ಮೇಲಾಗಿ ಒಂದೂವರೆ ತಾಸು ಮುಳುಗಿಸಿಟ್ಟೆ. ನಡುವೆ ತಾಮ್ರ ಹಾಗೇ ಉಳಿದಿದೆ, ಅಂಚಿನ ಟ್ರ್ಯಾಕ್‌ಗಳು ತುಂಡಾಗಿವೆ. ಇನ್ನೂ ಹೊತ್ತು ಇಡಬೇಕಿತ್ತೇ? ಆ ನೀರನ್ನು ಬಚ್ಚಲಿಗೆ ಚೆಲ್ಲಬಹುದೇ?
– ಓದುಗರು, ಸಿಂಧನೂರು

ಉತ್ತರ: ಹೊತ್ತು ಹೆಚ್ಚಾದದ್ದರಿಂದಲೇ ಟ್ರ್ಯಾಕ್ ತುಂಡಾಗಿದೆ. ದ್ರಾವಣ ತಾಮ್ರವನ್ನು ಕೆಳಕ್ಕೆ ಮಾತ್ರವಲ್ಲ, ಟ್ರ್ಯಾಕ್ ಉಳಿಸಲು ಬಳಿದ ಶಾಯಿಯ ಅಡಿಯಲ್ಲಿ ಪಕ್ಕಕ್ಕೂ ತಿನ್ನುತ್ತದೆ. ಅಂಚಿಗೆ ಹೊಸ ದ್ರಾವಣ ಬೇಗ ತಲುಪುವುದರಿಂದ ಅಲ್ಲಿ ತಾಮ್ರ ಮೊದಲು ಹೋಗುತ್ತದೆ. ನಡುಭಾಗಕ್ಕಾಗಿ ಕಾಯುವಷ್ಟರಲ್ಲಿ ಅಂಚಿನ ಟ್ರ್ಯಾಕ್ ಸವೆದಿರುತ್ತದೆ.

ಲೆಕ್ಕ ನೋಡಿ. ಸಾಮಾನ್ಯ ಬೋರ್ಡಿನ ತಾಮ್ರ 35 ಮೈಕ್ರಾನ್ ದಪ್ಪ. ನಿಮ್ಮ ಅಳತೆಗೆ ಸುಮಾರು 4.7 ಗ್ರಾಂ ಆಯಿತು. ಒಂದು ಗ್ರಾಂ ತಾಮ್ರ ಕರಗಲು 8.5 ಗ್ರಾಂ ಹಳದಿ ಹರಳು ಬೇಕು, ಅಂದರೆ ಪೂರ್ತಿಗೆ 40 ಗ್ರಾಂ. ನಿಮ್ಮ 30 ಗ್ರಾಂ ಮುಕ್ಕಾಲು ತಾಮ್ರಕ್ಕಷ್ಟೇ ಸಾಲುತ್ತದೆ, ಅದೂ ಕೊನೆಕೊನೆಗೆ ತೀರಾ ನಿಧಾನ. ಜೊತೆಗೆ ತೆಳು ದ್ರಾವಣದಲ್ಲಿ ಕಬ್ಬಿಣದ ಕಂದು ಗಸಿ ಕೂರುತ್ತದೆ, ಬೋರ್ ನೀರಿನ ಬೈಕಾರ್ಬನೇಟ್ ಅದನ್ನು ಹೆಚ್ಚಿಸುತ್ತದೆ. ಬೋರ್ಡ್ ಮೇಲ್ಮುಖವಾಗಿದ್ದರೆ ಆ ಗಸಿ ನೇರ ತಾಮ್ರದ ಮೇಲೆಯೇ ಇಳಿದು ಮುಚ್ಚಿಬಿಡುತ್ತದೆ.

ಮುಂದಿನ ಸಲ ಅರ್ಧ ಲೀಟರ್ ಫಿಲ್ಟರ್ ನೀರಿಗೆ 250 ಗ್ರಾಂ ಹರಳು ಸ್ವಲ್ಪ ಸ್ವಲ್ಪವಾಗಿ ಹಾಕಿ. (ಕಪ್ಪು ಪುಡಿ ಸಿಕ್ಕಿದ್ದರೆ ಅದು ನೀರಿಲ್ಲದ ರೂಪ, ವಿಪರೀತ ಕಾಯುತ್ತದೆ, ಅದರ ಮೇಲೆ ನೀರು ಸುರಿಯಲೇಬೇಡಿ.) ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಅಲ್ಯೂಮಿನಿಯಂ, ಸ್ಟೀಲ್ ಎರಡನ್ನೂ ಇದು ತಿನ್ನುತ್ತದೆ. ಆ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ದ್ರಾವಣವನ್ನು 40 ಡಿಗ್ರಿಗೆ ತನ್ನಿ. ರಾಯಚೂರು ಸೀಮೆಯ ಏಪ್ರಿಲ್ ಬಿಸಿಲಿಗೆ ಬೋಗುಣಿಯೂ ಬೇಕಾಗಲಿಕ್ಕಿಲ್ಲ. ಬೋರ್ಡನ್ನು ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ಬೆರಳು ತಾಗಿಸದೆ ಒಣಗಿಸಿದ ಮೇಲೆ ಟ್ರ್ಯಾಕ್ ಮೂಡಿಸಿ. ಆಮೇಲೆ ತಾಮ್ರ ಕೆಳಮುಖವಾಗಿ ತೇಲಿಸಿ, ಅಡಿಯಲ್ಲಿ ಗಾಳಿಗುಳ್ಳೆ ನಿಲ್ಲದಂತೆ ಪಾತ್ರೆಯನ್ನು ಅಲುಗಿಸುತ್ತಿರಿ. 10ರಿಂದ 20 ನಿಮಿಷದಲ್ಲಿ ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಕನ್ನಡಕ, ಕೈಗವಸು ಬಿಡಬೇಡಿ. ಇದೇ ದ್ರಾವಣ ಇನ್ನೂ ಹಲವು ಬೋರ್ಡಿಗೆ ಆಗುತ್ತದೆ. ಕಡು ಹಸಿರಿಗೆ ತಿರುಗಿ ಕೆಲಸ ಎಳೆದಾಡತೊಡಗಿದರೆ ಅದರ ಆಯಸ್ಸು ತೀರಿತು.

ಬಚ್ಚಲಿಗೆ ಖಂಡಿತ ಬೇಡ. ಕರಗಿದ ತಾಮ್ರ ಮೀನಿಗೆ ವಿಷ, ಕಬ್ಬಿಣದ ಪೈಪಿಗೂ ಕುತ್ತು. ಬಳಸಿದ ದ್ರಾವಣವನ್ನು ದೊಡ್ಡ ಬಕೆಟ್ಟಿಗೆ ಹಾಕಿ, ನೊರೆ ಬರುವುದು ನಿಲ್ಲುವವರೆಗೆ ವಾಷಿಂಗ್ ಸೋಡಾ ಚಮಚ ಚಮಚವಾಗಿ ಹಾಕಿ, ಪಿಎಚ್ ಕಾಗದ 8ರ ಆಸುಪಾಸು ತೋರಲಿ. ಒಂದು ರಾತ್ರಿ ಬಿಟ್ಟರೆ ಕಬ್ಬಿಣ, ತಾಮ್ರ ಎರಡೂ ಕೆಸರಾಗಿ ಕೂರುತ್ತವೆ. ಮೇಲಿನ ನೀರು ನೀಲಿ ಅಥವಾ ಹಸಿರಾಗಿದ್ದರೆ ತಾಮ್ರ ಇನ್ನೂ ಉಳಿದಿದೆ ಎಂದರ್ಥ, ಚೆಲ್ಲಬೇಡಿ. ಕೆಸರನ್ನು ಒಣಗಿಸಿ, ಚೀಲದಲ್ಲಿ ಬಿಗಿದು, ಒಳಗೇನಿದೆ ಎಂದು ಬರೆದು ಅಪಾಯಕಾರಿ ಕಸ ಪಡೆಯುವವರಿಗೇ ಕೊಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ಸೇರುವ ಯಾವ ಚರಂಡಿಗೂ ಅದು ಹೋಗಕೂಡದು.